ಮೋಟಾರ್‌ಸೈಕಲ್ ಟ್ಯೂಬ್: ಬಾಳಿಕೆ ಮತ್ತು ಬದಲಾವಣೆ

ಟೈರಿನೊಳಗೆ ಗಾಳಿಯನ್ನು ಹಿಡಿದಿಡುವ ರಬ್ಬರ್ ಬಳೆಯೇ ಟ್ಯೂಬ್. ಸ್ಪೋಕ್ ಚಕ್ರದ ರಿಮ್ಮಿನಲ್ಲಿ ತೂತುಗಳಿರುವುದರಿಂದ ಅದಕ್ಕೆ ಸಾಮಾನ್ಯವಾಗಿ ಟ್ಯೂಬ್ ಬೇಕೇ ಬೇಕು. ಇಂದಿನ ಹೆಚ್ಚಿನ ಟ್ಯೂಬ್‌ಗಳು ಬ್ಯುಟೈಲ್ ರಬ್ಬರಿನವು. ನೈಸರ್ಗಿಕ ರಬ್ಬರಿಗಿಂತ ಅದರಲ್ಲಿ ಗಾಳಿ ಹೆಚ್ಚು ಕಾಲ ನಿಲ್ಲುತ್ತದೆ. ಟ್ಯೂಬಿನ ಆಯುಸ್ಸನ್ನು ಇಷ್ಟೇ ಕಿಲೋಮೀಟರ್ ಎಂದು ಹೇಳಲಾಗದು. ಅದನ್ನು ಟೈರಿನ ಆಯುಸ್ಸಿಗೆ ಕಟ್ಟುವುದೇ ಸರಿ. ಶಾಖ ಮತ್ತು ಒತ್ತಡಕ್ಕೆ ಹಿಗ್ಗಿದ ಟ್ಯೂಬ್ ಮೊದಲಿನ ಅಳತೆಗೆ ಪೂರ್ತಿ ಮರಳುವುದಿಲ್ಲ. ಹೊಸ ಟೈರಿನೊಳಗೆ ತುರುಕಿದರೆ ಅದು ಮಡಿಕೆ ಬೀಳಬಹುದು. ಆ ಮಡಿಕೆ ಉಜ್ಜಿ ಉಜ್ಜಿ ತೆಳುವಾಗಿ, ಕೊನೆಗೆ ಸೀಳುತ್ತದೆ.

ಪಂಕ್ಚರ್ ಆಗದ ಟ್ಯೂಬನ್ನು ಏಕೆ ಎಸೆಯಬೇಕು, ನೀರಿನಲ್ಲಿ ಅದ್ದಿದಾಗ ಗುಳ್ಳೆ ಬಾರದಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಗುಳ್ಳೆ ತೂತನ್ನಷ್ಟೇ ತೋರಿಸುತ್ತದೆ, ತೆಳುವಾದ ಗೋಡೆಯನ್ನಲ್ಲ. ಟ್ಯೂಬ್ ಸೀಳಿದರೆ ಗಾಳಿ ವಾಲ್ವ್ ಮತ್ತು ಸ್ಪೋಕ್ ತೂತುಗಳಿಂದ ಕ್ಷಣದಲ್ಲಿ ಹೊರನುಗ್ಗುತ್ತದೆ. ಮುಂದಿನ ಚಕ್ರದಲ್ಲಿ ಹೀಗಾದರೆ ಹ್ಯಾಂಡಲ್ ಹಿಡಿತ ತಪ್ಪುತ್ತದೆ. ಟೈರಿನ ಬೆಲೆಯ ಮುಂದೆ ಟ್ಯೂಬಿನ ಬೆಲೆ ಅಲ್ಪ. ಅಲ್ಲಿ ಉಳಿಸುವ ಹಣಕ್ಕೆ ಈ ಅಪಾಯ ತಕ್ಕುದಲ್ಲ. ಹಾಗೆಂದು ಪ್ರತಿ ಪಂಕ್ಚರಿಗೂ ಹೊಸದು ಬೇಕಿಲ್ಲ: ಮೊಳೆಯ ಸಣ್ಣ ತೂತಿಗೆ ಚೆನ್ನಾಗಿ ಕೂತ ಪ್ಯಾಚ್ ಬಾಳುತ್ತದೆ. ಆದರೆ ವಾಲ್ವ್ ಬುಡ ಹರಿದರೆ ಪ್ಯಾಚ್ ನಿಲ್ಲದು. ವಾಲ್ವ್ ಓರೆಯಾಗಿ ನಿಂತಿದ್ದರೆ, ಕಡಿಮೆ ಗಾಳಿಯಲ್ಲಿ ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬನ್ನು ಎಳೆದಿದೆ ಎಂದೇ ತಿಳಿದು ಕೂಡಲೇ ಬಿಚ್ಚಿಸಿ ನೋಡಬೇಕು. ಹೊಸ ಟೈರ್ ಹಾಕಿಸುವಾಗ ಟ್ಯೂಬನ್ನೂ ಹೊಸದೇ ಹಾಕಿಸಿ. ಸ್ಪೋಕ್ ತುದಿಗಳು ಟ್ಯೂಬಿಗೆ ತಾಗದಂತೆ ರಿಮ್ಮಿಗೆ ಸುತ್ತಿರುವ ರಿಮ್ ಟೇಪ್ ಹರಿದಿದ್ದರೆ ಅದನ್ನೂ ಬದಲಿಸಿ.