ಬಿಡಿಸೋಕೂ ಬರುವ ಬೆಸುಗೆ

‘ಬೆಸುಗೆ’ ಅಂದ ಕೂಡಲೇ ನಮ್ಮ ಅಪ್ಪ-ಅಮ್ಮನ ತಲೆಮಾರಿನವರಿಗೆ 1976ರ ಸಿನಿಮಾ ನೆನಪಾಗುತ್ತೆ. ಮದುವೆ ಮನೆಯ ಹಾರೈಕೆಯಲ್ಲಿ ಈ ಪದ ಬಂದರೆ ಬಿಡಿಸಲಾಗದ ನಂಟು ಅಂತಲೇ ಅರ್ಥ. ತಮಾಷೆ ಏನಪ್ಪಾ ಅಂದ್ರೆ, ಎಲೆಕ್ಟ್ರಾನಿಕ್ಸ್‌ನಲ್ಲಿ ಬೆಸುಗೆಗೆ ಇರೋ ದೊಡ್ಡ ಬೆಲೆಯೇ ಅದನ್ನು ಬಿಡಿಸಬಹುದು ಅನ್ನೋದರಿಂದ.

ವೆಲ್ಡಿಂಗ್ ಮಾಡುವಾಗ ಎರಡು ಲೋಹಗಳೂ ಕರಗಿ ಒಂದಾಗುತ್ತವೆ. ಸೋಲ್ಡರಿಂಗ್‌ನಲ್ಲಿ ಹಾಗಲ್ಲ. ತಾಮ್ರದ ತಂತಿ ಕರಗೋಕೆ 1085 ಡಿಗ್ರಿ ಸೆಲ್ಸಿಯಸ್ ಬೇಕು. ಅದನ್ನು ಹಿಡಿದಿಡೋ ಸೋಲ್ಡರಿಗೆ 183 ಡಿಗ್ರಿ ಸಾಕು. ತವರ ಒಂದೇ ಇದ್ದರೆ 232ಕ್ಕೆ ಕರಗುತ್ತೆ, ಸೀಸ 327ಕ್ಕೆ. ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಬೆರೆಸಿದರೆ ಮಾತ್ರ ಎರಡಕ್ಕಿಂತಲೂ ಕೆಳಗೆ, ಸರಿಯಾಗಿ 183ಕ್ಕೆ ನೀರಾಗುತ್ತೆ. ಮತ್ತೆ ಬಿಸಿ ಮಾಡಿದರೆ ಸೋಲ್ಡರ್ ಕರಗಿ ಬಿಟ್ಟುಕೊಡುತ್ತೆ, ತಂತಿಗೆ ಏನೂ ಆಗಲ್ಲ.

ಈ ಉಪಾಯ ಹಳೆಯದು. ಸುಮಾರು 2000 ವರ್ಷದ ಹಿಂದೆ ರೋಮಿನ ಪ್ಲಿನಿ, ಎರಡು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿ ನೀರಿನ ಕೊಳವೆ ಬೆಸೆಯೋ ವಿಷಯ ಬರೆದಿದ್ದಾನೆ. ಅಷ್ಟು ದೂರ ಯಾಕೆ, ನಮ್ಮ ಬೀದಿಗೆ ಬರ್ತಿದ್ದ ಕಲಾಯಿಯವರನ್ನೇ ನೋಡಿ. ಇದ್ದಿಲ ಒಲೆಗೆ ತಿದಿ ಒತ್ತಿ ಪಾತ್ರೆ ಕಾಯಿಸೋದು, ನವಸಾಗರದ ಪುಡಿ ಹಾಕಿ ಉಜ್ಜೋದು, ತವರ ಸವರಿ ಬಟ್ಟೆಯಿಂದ ಒಳಗೆಲ್ಲಾ ಹರಡೋದು. ಇದು ಎರಡು ಲೋಹ ಜೋಡಿಸೋ ಕೆಲಸ ಅಲ್ಲ, ಹೊದಿಕೆ ಕೊಡೋ ಕೆಲಸ. ಆದರೆ ಒಳಗಿನ ವಿದ್ಯೆ ಒಂದೇ. ತಾಮ್ರದ ಮೇಲೆ ಗಾಳಿ ತಾಗಿ ಕಟ್ಟಿದ ತೆಳು ಪದರ ಹೋಗದೇ ಇದ್ದರೆ ತವರ ಅಂಟೋದೇ ಇಲ್ಲ. ಆ ಪದರವನ್ನು ಕಲಾಯಿಯವರ ಕೈಯಲ್ಲಿ ನವಸಾಗರ ತಿಂದು ಹಾಕ್ತಿತ್ತು. ಇವತ್ತು ಅದೇ ಕೆಲಸವನ್ನು ಸೋಲ್ಡರ್ ತಂತಿಯ ಹೊಟ್ಟೆಯಲ್ಲಿರೋ ರಾಳ ಮಾಡುತ್ತೆ. ಅದಕ್ಕೇ ಫ್ಲಕ್ಸ್ ಅನ್ನೋದು. ಶುಚಿ ಮಾಡು, ಕಾಯಿಸು, ಹರಿಯೋಕೆ ಬಿಡು: ಪಾಠ ಇಷ್ಟೇ.

ಬಹಳ ಕಾಲ ಸೋಲ್ಡರಿಂಗ್ ಅಂದರೆ ತಾಮ್ರದ ತಲೆಯ ಸಲಾಕೆಯನ್ನು ಬೆಂಕಿಯಲ್ಲಿ ಕಾಯಿಸಿ, ಆರೋದ್ರೊಳಗೆ ಕೆಲಸ ಮುಗಿಸೋದು. 1921ರಲ್ಲಿ ಜರ್ಮನಿಯ ಅರ್ನ್ಸ್ಟ್ ಸಾಕ್ಸ್ ಎರ್ಸಾ ಕಂಪನಿ ಶುರು ಮಾಡಿ ವಿದ್ಯುತ್ ಸೋಲ್ಡರಿಂಗ್ ಐರನ್ ತಯಾರಿಸಿದ. ಅದು ರೇಡಿಯೋ ಮನೆಮನೆಗೆ ಕಾಲಿಡುತ್ತಿದ್ದ ಕಾಲ. ಪ್ಲಗ್ ಹಾಕಿದರೆ ಕಾಯೋ ಐರನ್ ಬಂದಮೇಲೆ ಊಟದ ಮೇಜೇ ವರ್ಕ್‌ಶಾಪ್ ಆಗಬಹುದಿತ್ತು. ಆಗಿನ ರೇಡಿಯೋ ಒಳಗೆ ತಂತಿಗೆ ತಂತಿ ಸುತ್ತಿ ಬೆಸೆದಿರೋರು. ಬಿಚ್ಚೋದು ಸುಲಭ: ಕಾಯಿಸು, ಇಕ್ಕಳದಿಂದ ಎಳೆ.

ಆಮೇಲೆ ಬಂತು ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್. ವಿಯೆನ್ನಾದಿಂದ ಲಂಡನ್ನಿಗೆ ಬಂದಿದ್ದ ಪೌಲ್ ಐಸ್ಲರ್ 1936ರಲ್ಲೇ ಅಂಥ ಬೋರ್ಡಿನ ರೇಡಿಯೋ ಮಾಡಿದ್ದ. ಯುದ್ಧದ ನಂತರ ಅದು ಉದ್ಯಮವಾಯ್ತು. ಬಿಡಿಭಾಗಗಳ ಕಾಲುಗಳನ್ನು ತೂತಿಗೆ ಸಿಕ್ಕಿಸಿ, ಇಡೀ ಬೋರ್ಡನ್ನು ಕರಗಿದ ಸೋಲ್ಡರಿಗೆ ತಾಗಿಸಿದರೆ ಎಲ್ಲಾ ಬೆಸುಗೆ ಒಂದೇ ಸಲಕ್ಕೆ. ಫ್ಯಾಕ್ಟರಿಗೆ ಹಬ್ಬ, ರಿಪೇರಿಯವನಿಗೆ ತಲೆನೋವು. 16 ಕಾಲಿನ ಐಸಿ ಎತ್ತಬೇಕಾದರೆ 16 ಕಡೆ ಒಟ್ಟಿಗೆ ಕರಗಬೇಕು. ಆತುರಪಟ್ಟು ಎಳೆದರೆ ತಾಮ್ರದ ಗೆರೆಯೇ ಕಿತ್ತು ಬರುತ್ತೆ. ಕರಗಿದ್ದನ್ನು ‘ಟಕ್’ ಅಂತ ಹೀರೋ ಸ್ಪ್ರಿಂಗ್ ಪಂಪು, ಬತ್ತಿಯ ಹಾಗೆ ಹೀರೋ ತಾಮ್ರದ ಜಾಲರಿ ಬೇಕಾಗಿದ್ದು ಇದಕ್ಕೇ. ಡಿಸೋಲ್ಡರಿಂಗ್ ಪ್ರತ್ಯೇಕ ವಿದ್ಯೆ ಆಗಿದ್ದು ಇಲ್ಲಿಂದ.

ಈ ವಿದ್ಯೆ ಹವ್ಯಾಸಿಗಳ ಕೈಗೆ ಸಿಕ್ಕಿ ಏನಾಯ್ತು ಅನ್ನೋದು ನಮ್ಮ ಸಂಬಳದ ಕಥೆ ಕೂಡ. 1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಕಂಪ್ಯೂಟರ್ ಬಂತು. 397 ಡಾಲರ್ ಕೊಟ್ಟರೆ ಮನೆಗೆ ಬರ್ತಿದ್ದದ್ದು ಬಿಡಿಭಾಗಗಳ ಕಿಟ್. ರಾತ್ರಿಗಟ್ಟಲೆ ಕೂತು ಬೆಸೆಯಬೇಕು. ಒಂದು ಕಡೆ ಬೆಸುಗೆ ಸರಿಯಾಗಿ ಕೂರದೇ ಇದ್ದರೂ ಮಷೀನ್ ಸತ್ತಂತೆ. ಹುಡುಕು, ಬಿಡಿಸು, ಮತ್ತೆ ಬೆಸೆ. ಅದೇ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಇಂಥವರು ಸೇರಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಶುರು ಮಾಡಿದರು. ಅಲ್ಲಿಗೆ ಬಂದಿದ್ದ ಸ್ಟೀವ್ ವೋಜ್ನಿಯಾಕ್ ಮುಂದಿನ ವರ್ಷ ಆಪಲ್-1 ತೋರಿಸಿದ. ಬೆಂಗಳೂರಿನಲ್ಲಿ ಇವತ್ತು ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಮೆಟ್ರೋ ಹತ್ತೋ ನಾವೆಲ್ಲ ಆ ಗ್ಯಾರೇಜಿಗೆ ಸ್ವಲ್ಪ ಋಣಿಗಳೇ.

ಬೆಂಗಳೂರಿಗೆ ಅದಕ್ಕೂ ಮುಂಚಿನ ಋಣ ಇದೆ. 1948ರಲ್ಲಿ ಐಟಿಐ, 1954ರಲ್ಲಿ ಜಾಲಹಳ್ಳಿಯ ಬಿಇಎಲ್. ಸಾಫ್ಟ್‌ವೇರ್ ಬರೋ ಎಷ್ಟೋ ಮೊದಲೇ ಈ ಊರು ಬೆಸುಗೆ ಹಾಕ್ತಿತ್ತು. ಬಿಡಿಭಾಗ ಬೇಕಾದ ಕಾಲೇಜು ಹುಡುಗರಿಗೆ ಇವತ್ತಿಗೂ ಎಸ್.ಪಿ. ರೋಡೇ ಗತಿ. ಹೊಸದರ ಪಕ್ಕದಲ್ಲೇ ಹಳೇ ಬೋರ್ಡಿನಿಂದ ಬಿಚ್ಚಿದ ಮಾಲೂ ಸಿಗುತ್ತೆ. ಬಿಡಿಸೋದಕ್ಕೆ ಬರೋರು ಇರೋದರಿಂದಲೇ ಆ ಮಾರುಕಟ್ಟೆ.

ಈಗ ಬಿಡಿಸೋದು ಕಷ್ಟ ಆಗ್ತಾ ಬಂದಿದೆ. ಸೀಸ ವಿಷ ಅಂತ ಯುರೋಪ್ 2006ರ ಜುಲೈ 1ರಿಂದ ಅದಕ್ಕೆ ಕಡಿವಾಣ ಹಾಕಿತು. ನಮ್ಮ ಇ-ತ್ಯಾಜ್ಯ ನಿಯಮಗಳೂ ಅದೇ ದಾರಿ ಹಿಡಿದವು. ಒಳ್ಳೇದೇ ಆಯ್ತು. ಆದರೆ ಸೀಸ ಇಲ್ಲದ ಸೋಲ್ಡರ್ ಕರಗೋಕೆ ಸುಮಾರು 217 ಡಿಗ್ರಿ ಬೇಕು, ಬಿಡಿಭಾಗಗಳು ಅಕ್ಕಿಕಾಳಿಗಿಂತ ಚಿಕ್ಕವಾಗಿವೆ, ಮೇಲಿಂದ ಅಂಟು ಬೇರೆ. ಚಾರ್ಜಿಂಗ್ ಪೋರ್ಟ್ ಸಡಿಲ ಆದರೆ ‘ಬೋರ್ಡೇ ಚೇಂಜ್ ಮಾಡ್ಬೇಕು ಸಾರ್’ ಅನ್ನೋ ಮಾತು ಕೇಳಿದವರು ಕಮ್ಮಿ ಇಲ್ಲ. ಅದೇ ಪೋರ್ಟನ್ನು ಬಿಸಿಗಾಳಿ ಊದಿ ಎತ್ತಿ, ಹೊಸದು ಕೂರಿಸೋ ಹುಡುಗ ಪಕ್ಕದ ರಸ್ತೆಯಲ್ಲೇ ಇರ್ತಾನೆ.

ಹಾಗೆ ಬದಲಾಯಿಸಿ ಎಸೆದ ಬೋರ್ಡ್ ಎಲ್ಲಿಗೆ ಹೋಗುತ್ತೆ? ದೆಹಲಿಯ ಸೀಲಂಪುರದಂಥ ಕಡೆ ಅದನ್ನು ಬೆಂಕಿಗೆ ಹಿಡಿದು ಚಿಪ್ ಬಿಡಿಸುತ್ತಾರೆ. ಅದೂ ಡಿಸೋಲ್ಡರಿಂಗೇ. ಆದರೆ ಆ ಹೊಗೆ ಕುಡಿಯೋರು ನಾವಲ್ಲ. ನಾವು ನಮ್ಮ ಮೇಜಿನ ಮೇಲೆ ಬಿಡಿಸದೇ ಹೋದದ್ದನ್ನ ಇನ್ಯಾರೋ ಬರಿಗೈಲಿ ಬಿಡಿಸ್ತಾರೆ.

ಕಲಿಯಬೇಕು ಅನ್ನೋರು ಕೆಟ್ಟುಹೋದ ಒಂದು ಹಳೇ ಬೋರ್ಡಿನಿಂದ ಶುರು ಮಾಡಿ. ಕಿಟಕಿ ತೆಗೆದಿರಲಿ, ರಾಳದ ಹೊಗೆ ಎದೆಗೆ ಒಳ್ಳೇದಲ್ಲ. ಐರನ್ ತುದಿಯಿಂದ ಬಿಡಿಭಾಗದ ಕಾಲು, ಬೋರ್ಡಿನ ತಾಮ್ರ ಎರಡನ್ನೂ ಒಟ್ಟಿಗೆ ಕಾಯಿಸಿ. ಹಳೇ ಸೋಲ್ಡರ್ ಹಟ ಹಿಡಿದರೆ ಅದರ ಮೇಲೇ ಸ್ವಲ್ಪ ಹೊಸದು ಹಾಕಿ. ಎರಡೂ ಬೆರೆತು ಬೇಗ ಕರಗುತ್ತೆ. ಆಮೇಲೆ ಪಂಪು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸೀಸ ಬೆರಳಿಗೆ ಅಂಟಿರುತ್ತೆ. ತಾಮ್ರ ಕಿತ್ತು ಬಾರದ ಹಾಗೆ ಹತ್ತು ಬಿಡಿಭಾಗ ಎತ್ತೋಕೆ ಬಂತು ಅಂದ್ರೆ, ಮುಂದಿನ ಸಲ ಯಾರಾದರೂ ‘ಬೋರ್ಡೇ ಹೋಗಿದೆ’ ಅಂದಾಗ ‘ಎಲ್ಲಿ, ತೋರಿಸಿ’ ಅನ್ನೋಷ್ಟು ಧೈರ್ಯ ಬಂದಿರುತ್ತೆ.