ಉಗಿ ಶಕ್ತಿ ಮತ್ತು ಕರ್ನಾಟಕದ ಕೈಗಾರಿಕೆ

ನೀರನ್ನು ಕಾಯಿಸಿದಾಗ ಉಂಟಾಗುವ ಉಗಿಯ ಒತ್ತಡದಿಂದ ಯಂತ್ರಗಳನ್ನು ನಡೆಸುವ ಶಕ್ತಿಯನ್ನು '''ಉಗಿ ಶಕ್ತಿ''' ಎನ್ನುತ್ತಾರೆ. ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಗೆ ಚಾಲನೆ ನೀಡಿದ ಈ ಶಕ್ತಿಯು 19ನೇ ಶತಮಾನದ ಉತ್ತರಾರ್ಧದಲ್ಲಿ ರೈಲು, ಗಣಿ ಮತ್ತು ಗಿರಣಿಗಳ ಮೂಲಕ ಇಂದಿನ ಕರ್ನಾಟಕವನ್ನು ತಲುಪಿತು.

== ಬೆಳವಣಿಗೆ ==
ಥಾಮಸ್ ನ್ಯೂಕೊಮೆನ್ 1712ರಲ್ಲಿ ಗಣಿಯ ನೀರೆತ್ತುವ ಯಂತ್ರವನ್ನು ನಿರ್ಮಿಸಿದನು. ಅದರಲ್ಲಿ ಒಂದೇ ಸಿಲಿಂಡರನ್ನು ಪ್ರತಿ ಬಡಿತಕ್ಕೂ ಕಾಯಿಸಿ ತಣಿಸಬೇಕಾಗಿದ್ದುದರಿಂದ ಅಪಾರ ಕಲ್ಲಿದ್ದಲು ವ್ಯರ್ಥವಾಗುತ್ತಿತ್ತು. ಜೇಮ್ಸ್ ವ್ಯಾಟ್ ಉಗಿಯನ್ನು ತಣಿಸಲು ಪ್ರತ್ಯೇಕ ಪಾತ್ರೆಯನ್ನು ಅಳವಡಿಸಿ 1769ರಲ್ಲಿ ಹಕ್ಕುಪತ್ರ ಪಡೆದನು. ಮುಂದೆ ಚಕ್ರ ತಿರುಗಿಸುವ ಯಂತ್ರಗಳು ಬಂದ ಮೇಲೆ, ಹರಿಯುವ ನೀರಿಲ್ಲದ ಊರಿನಲ್ಲೂ ಗಿರಣಿ ಸ್ಥಾಪಿಸುವುದು ಸಾಧ್ಯವಾಯಿತು.

== ಮೈಸೂರು ಸಂಸ್ಥಾನದಲ್ಲಿ ==
1864ರಲ್ಲಿ ಜೋಲಾರಪೇಟೆ–ಬೆಂಗಳೂರು ರೈಲುಮಾರ್ಗ ಆರಂಭವಾಯಿತು. 1884ರಲ್ಲಿ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಸ್ಥಾಪನೆಯಾಯಿತು. ಕೋಲಾರದ ಚಿನ್ನದ ಗಣಿಗಳಲ್ಲಿ ನೀರೆತ್ತಲು, ಅದಿರು ಕುಟ್ಟಲು ಉಗಿಯಂತ್ರಗಳನ್ನು ಬಳಸಲಾಗುತ್ತಿತ್ತು. ಸಂಸ್ಥಾನದಲ್ಲಿ ಕಲ್ಲಿದ್ದಲು ದೊರೆಯದ ಕಾರಣ ಅದನ್ನು ದೂರದಿಂದ ತರಿಸಬೇಕಿತ್ತು. ಸೌದೆಗಾಗಿ ಕಾಡುಗಳ ಮೇಲೂ ಒತ್ತಡ ಬಿದ್ದಿತು.

== ದಾವಣಗೆರೆ ಮತ್ತು ಹರಿಹರ ==
ಬೆಂಗಳೂರಿನಿಂದ ದಾವಣಗೆರೆಯ ಮೂಲಕ ತುಂಗಭದ್ರಾ ತೀರದ ಹರಿಹರದವರೆಗಿನ ಮೀಟರ್ ಗೇಜ್ ಮಾರ್ಗ 1889ರಲ್ಲಿ ಪೂರ್ಣಗೊಂಡಿತು. ಹೊಳೆಯಾಚೆ ಮುಂಬಯಿ ಪ್ರಾಂತ್ಯವಿದ್ದುದರಿಂದ, ಹರಿಹರವು ಸಂಸ್ಥಾನದ ಉತ್ತರದ ಬಾಗಿಲಾಗಿತ್ತು. ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ಸಾಗುತ್ತಿದ್ದ ಕಪ್ಪುನೆಲದ ಹತ್ತಿಗೆ ದೂರದ ಮಾರುಕಟ್ಟೆಗಳು ಹತ್ತಿರವಾದವು. ಅದೇ ಹಳಿಗಳ ಮೇಲೆ ಗಿರಣಿ ಬಟ್ಟೆಯೂ ಅಗ್ಗವಾಗಿ ಬಂದು, ಕೈಮಗ್ಗದ ನೇಕಾರರ ಜೀವನೋಪಾಯಕ್ಕೆ ಪೆಟ್ಟು ಬಿದ್ದಿತು. 20ನೇ ಶತಮಾನದಲ್ಲಿ ಬಟ್ಟೆ ಗಿರಣಿಗಳು ಬೆಳೆದು ದಾವಣಗೆರೆಯು 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಹೆಸರಾಯಿತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು.

== ವಿದ್ಯುತ್ತಿನ ಆಗಮನ ==
1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಗಣಿಗಳಿಗೆ ಒದಗಿಸಲಾಯಿತು. ಇಂಧನವನ್ನು ಹೊತ್ತು ತರುವ ಅಗತ್ಯವಿಲ್ಲದ ಈ ಶಕ್ತಿಯು ಗಣಿ, ಗಿರಣಿಗಳಲ್ಲಿ ಕ್ರಮೇಣ ಉಗಿಯಂತ್ರದ ಸ್ಥಾನವನ್ನು ಪಡೆಯಿತು. ರೈಲುಗಳಲ್ಲಿ ಮಾತ್ರ ಉಗಿಯ ಎಂಜಿನ್‌ಗಳು ಹಲವು ದಶಕ ಮುಂದುವರಿದು, ಬಳಿಕ ಡೀಸೆಲ್ ಎಂಜಿನ್‌ಗಳಿಗೆ ಎಡೆಗೊಟ್ಟವು.

== ಇಂದಿನ ಬಳಕೆ ==
ಉಗಿಯಂತ್ರ ಮರೆಯಾದರೂ ಉಗಿಯ ಬಳಕೆ ನಿಂತಿಲ್ಲ. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಉರಿಸಿ ಉಗಿಯನ್ನು ಪಡೆಯುತ್ತವೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿಯೂ ಕೈಗಾದ ಅಣುಸ್ಥಾವರದಲ್ಲಿಯೂ ವಿದ್ಯುತ್ ಉತ್ಪಾದಿಸುವ ಟರ್ಬೈನುಗಳನ್ನು ತಿರುಗಿಸುವುದು ಉಗಿಯೇ.