ದಂಡು: ಒಂದು ಶಬ್ದ, ಒಂದು ಒಡಂಬಡಿಕೆ

ಬೆಂಗಳೂರಿನ ಪೂರ್ವಭಾಗಕ್ಕೆ ಜನರು ‘ದಂಡು’ ಎಂಬ ಹೆಸರನ್ನಿತ್ತರು. ಕನ್ನಡದಲ್ಲಿ ದಂಡೆಂದರೆ ಸೈನ್ಯ. ಅದು ಏರಿಹೋಗುವುದು, ಕಾರ್ಯವಾದೊಡನೆ ಹಿಂದಿರುಗುವುದು. ಅದು ಇಳಿದುಕೊಂಡ ತಾಣವು ಬೀಡು. ಅರಸನು ನೆಲಸಿ ಆಳುವ ಬೀಡು ಶಾಸನಗಳಲ್ಲಿ ನೆಲೆವೀಡು. ಚಲಿಸತಕ್ಕ ದಂಡು ಒಂದು ಸ್ಥಳದ ಹೆಸರಾಗಿ ನಿಂತುದು ಹೇಗೆ? ಪರರ ಸೈನ್ಯವು ಮೈಸೂರಿನ ನೆಲದಲ್ಲಿ ಸುಮಾರು ಒಂದೂವರೆ ಶತಮಾನ ನೆಲಸಿದ ವೃತ್ತಾಂತವೇ ಇದಕ್ಕೆ ಉತ್ತರವಾಗಿದೆ.

1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ಕೈವಶವಾಯಿತು. ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕುಳ್ಳಿರಿಸಿ, ಜುಲೈ ತಿಂಗಳಲ್ಲಿ ಕಂಪೆನಿಯವರು ಸಹಾಯಕ ಸೈನ್ಯದ ಒಡಂಬಡಿಕೆಯನ್ನು ಮಾಡಿಕೊಂಡರು. ರಾಜ್ಯರಕ್ಷಣೆಗೆ ಸೈನ್ಯವನ್ನಿಡುವುದು ಕಂಪೆನಿಯ ಕಾರ್ಯ. ಅದಕ್ಕಾಗಿ ವರ್ಷಕ್ಕೆ 7 ಲಕ್ಷ ವರಹಗಳನ್ನು 12 ಕಂತುಗಳಲ್ಲಿ ಸಲ್ಲಿಸುವುದು ಅರಸರ ಹೊಣೆ. ಹಣಕ್ಕೆ ಕುಂದು ಬರುವ ಭಯ ತೋರಿದರೆ ಆಡಳಿತವನ್ನೇ ವಹಿಸಿಕೊಳ್ಳುವ ಅಧಿಕಾರವೂ ಕಂಪೆನಿಗೆ ಮೀಸಲಾಗಿತ್ತು. ಸೂರ್ಯಚಂದ್ರರಿರುವ ತನಕ ಇದು ಸಲ್ಲತಕ್ಕದ್ದೆಂದು ಪತ್ರದಲ್ಲಿ ಬರೆದಿದೆ. ನಮ್ಮ ದಾನಶಾಸನಗಳ ‘ಆಚಂದ್ರಾರ್ಕ’ವು ಇಲ್ಲಿ ಸೈನ್ಯದ ವೆಚ್ಚಕ್ಕೆ ಅನ್ವಯಿಸಿತು! ನಗರದ ದಂಗೆಯ ತರುವಾಯ, 1831ರಲ್ಲಿ, ಬೆಂಟಿಂಕನು ರಾಜ್ಯವನ್ನು ಕಮಿಷನರ ವಶಕ್ಕೆ ಕೊಟ್ಟಾಗ ಆಧಾರವಾಗಿ ತೋರಿಸಿದುದು ಈ ಒಡಂಬಡಿಕೆಯನ್ನೇ. ಕಾವಲಿಗೆ ಬಂದ ಸೈನ್ಯದ ಲೆಕ್ಕವೇ ಮನೆಯೊಡೆಯನನ್ನು ಹೊರಗಿರಿಸಲು ಸಾಧನವಾಯಿತು.

ಶ್ರೀರಂಗಪಟ್ಟಣದ ಜ್ವರಕ್ಕೆ ಅಂಜಿ, 1809ರಲ್ಲಿ ಇಂಗ್ಲಿಷರು ಹಲಸೂರಿನ ಬಳಿಯ ಬಯಲಿನಲ್ಲಿ ದಂಡನ್ನು ನೆಲೆಗೊಳಿಸಿದರು. ಮದರಾಸಿನ ಸೈನ್ಯವನ್ನನುಸರಿಸಿ ವರ್ತಕರೂ ಕುಶಲಕರ್ಮಿಗಳೂ ಪರಿಚಾರಕರೂ ಬಂದು ನೆಲಸಿದರು. ಹಳೆಯ ಪೇಟೆಯೊಂದು ಊರು, ದಂಡೊಂದು ಊರು ಎಂಬಂತಾಯಿತು. ದಂಡಿನಲ್ಲಿ ಕನ್ನಡಕ್ಕಿಂತ ತಮಿಳೂ ಉರ್ದುವೂ ಇಂಗ್ಲಿಷೂ ಹೆಚ್ಚಾಗಿ ಕೇಳಿಬಂದುವು.

1881ನೆಯ ಮಾರ್ಚ್ 25ರಂದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿತು; ದಂಡು ಮರಳಲಿಲ್ಲ. ನೆಲದ ಒಡೆತನವು ಮಹಾರಾಜರದು, ಅಧಿಕಾರವು ಬ್ರಿಟಿಷರದು ಎಂದು ನಿರ್ಣಯವಾಯಿತು. 24½ ಲಕ್ಷ ರೂಪಾಯಿಗಳಿದ್ದ ಪೊಗದಿಯು 35 ಲಕ್ಷಕ್ಕೇರಿತು. ಹೆಚ್ಚಿನ ಮೊತ್ತದ ಸಲ್ಲಿಕೆಯು ಮಾತ್ರ 1896ರವರೆಗೆ ಮುಂದೂಡಲ್ಪಟ್ಟಿತು. ಇದಕ್ಕೆ ಸಮಾನವಾದ ನಿದರ್ಶನವು 1903ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನವು ಕ್ಯೂಬಾದಿಂದ ಪಡೆದ ಗ್ವಾಂಟನಾಮೊ ನೌಕಾನೆಲೆಯಲ್ಲಿ ದೊರೆಯುತ್ತದೆ. ಅಲ್ಲಿಯೂ ಪರಮಾಧಿಕಾರವು ಕ್ಯೂಬಾದ್ದು, ಆಡಳಿತವು ಅಮೆರಿಕದ್ದು. 1934ರ ಒಪ್ಪಂದದ ಮೇರೆಗೆ ಉಭಯರೂ ಒಪ್ಪದೆ ಅಥವಾ ಅಮೆರಿಕದವರು ತಾವಾಗಿ ತೊರೆಯದೆ ಅದು ಮುಗಿಯದು. ಭೇದವಿಷ್ಟೆ: ಅಲ್ಲಿ ಬಾಡಿಗೆಯನ್ನು ಕೊಡುವವನು ಬಂದವನು, ಇಲ್ಲಿ ಬಂದವನ ವೆಚ್ಚವನ್ನು ಮನೆಯವನೇ ಕೊಟ್ಟನು.

ಪರಸೈನ್ಯವನ್ನು ಕರೆತರುವ ಪತ್ರದಲ್ಲಿ ಅದು ಹೊರಡುವ ದಿನವನ್ನು ಬರೆಯದಿದ್ದರೆ, ಒಡೆತನವೆಂಬುದು ಮಾತಿನಲ್ಲಿ ಮಾತ್ರ ಉಳಿಯುವುದೆಂದು ಈ ಎರಡು ನಿದರ್ಶನಗಳಿಂದ ಸಿದ್ಧವಾಗುತ್ತದೆ. ಬೆಂಗಳೂರಿನ ದಂಡು 1947ನೆಯ ಜುಲೈ 26ರಂದು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದುವು. ಸೂರ್ಯಚಂದ್ರರು ಹಾಗೆಯೇ ಇದ್ದಾರೆ, ಒಡಂಬಡಿಕೆಯು ಅಳಿಯಿತು. ಇಂಗ್ಲಿಷರ ದಂಡು ಹೊರಟುಹೋಯಿತು. ರೈಲು ನಿಲ್ದಾಣದ ಹಲಗೆಯ ಮೇಲೆ ಆ ಶಬ್ದವು ನೆಲೆವೀಡಾಗಿ ನಿಂತಿದೆ.